ನಮ್ಮ ಗಮನಕ್ಕೆ ಏನೂ ಬಂದಿಲ್ಲ

ದೊಡ್ಡ ಕಂಪನಿಯೊಂದರ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ’ ಕೈಗೆ ಸಿಕ್ಕಿತು. ಹೆಸರು ಬೇಡ, ಎಲ್ಲರದೂ ಒಂದೇ ಥರ ಇರುತ್ತದೆ. ನುಣುಪು ಕಾಗದ, ಮುಖಪುಟದಲ್ಲಿ ಎಲೆಯ ಮೇಲೆ ಕೂತ ಹಸಿರು ಕಪ್ಪೆ. ಕೊನೆಯಲ್ಲಿ, ಓದಿದರೆ ನಿಮ್ಮ ಕರ್ಮ ಎನ್ನುವಷ್ಟು ಸಣ್ಣ ಅಕ್ಷರದಲ್ಲಿ ಸ್ವತಂತ್ರ ಪರಿಶೀಲಕರ ಷರಾ: ವರದಿ ತಪ್ಪೆಂದು ಹೇಳುವಂಥದ್ದು ನಮ್ಮ ಗಮನಕ್ಕೆ ಏನೂ ಬಂದಿಲ್ಲ. ಬೇರೆ ಯಾರ ಗಮನಕ್ಕಾದರೂ ಬಂದಿದೆಯೋ ಕೇಳೋಣವೆಂದು, ಮುಖಪುಟದವರನ್ನೇ ಹುಡುಕಿಕೊಂಡು ಮೂಡಿಗೆರೆ ಸೀಮೆಯ ಬಣಕಲ್‌ಗೆ ಹೋದೆ. ಆರಿದ್ರಾ ಮಳೆ ಹಿಡಿದಿತ್ತು. ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಮಲಬಾರ್ ಹಾರುವ ಕಪ್ಪೆಯೊಂದು ಹಿಂಗಾಲಲ್ಲಿ ನೊರೆ ಕಡೆಯುತ್ತ ಗೂಡು ಕಟ್ಟುತ್ತಿತ್ತು.

ನಾನು: ನಮಸ್ಕಾರ. ನಾನು ರೈಟರ್.

ಕಪ್ಪೆ: ಯಾವ ತೋಟದ್ದು? ಚೆಕ್‌ರೋಲ್ ತಂದಿದೀರಾ?

ನಾನು: ಆ ರೈಟರ್ ಅಲ್ಲ, ಪತ್ರಿಕೆಗೆ ಬರೆಯೋನು. ಈ ಮುಖಪುಟದಲ್ಲಿರೋರು ನೀವೇನಾ?

ಕಪ್ಪೆ: ಎಲ್ಲಿ ಕೊಡಿ. ಅಯ್ಯೋ ಮಾರಾಯ್ರೆ, ಇದರ ಕಣ್ಣು ನೋಡಿ, ಕೆಂಪು! ಇದು ಅಮೆರಿಕ ಕಡೆಯ ಕಾಡಿಂದು. ನಮ್ಮ ಕಡೆ ಕೆಂಪು ಏನಿದ್ರೂ ಬೆರಳ ನಡುವಿನ ಪೊರೆಗೆ. ಯಾರೋ ಬೆಂಗಳೂರಲ್ಲಿ ಕೂತು ದುಡ್ಡು ಕೊಟ್ಟು ತಗೊಂಡ ಫೋಟೊ. ಪಶ್ಚಿಮ ಘಟ್ಟ ಉಳಿಸ್ತೀವಿ ಅಂತ ಮೇಲೆ ಬರೆದಿದೆ, ಕೆಳಗೆ ಪರದೇಶದ ಕಪ್ಪೆ ಕೂತಿದೆ. ಆ ಪರಿಶೀಲಕರ ಗಮನಕ್ಕೆ ಇದೂ ಬರ್ಲಿಲ್ವಾ?

ನಾನು: ಅವರು ಅಂಕಿಅಂಶ ನೋಡುತ್ತಾರಂತೆ. 2022–23ರಿಂದ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಷೇರುಪೇಟೆ ನಿಯಂತ್ರಕ ಸೆಬಿ ಈ ವರದಿ ಕಡ್ಡಾಯ ಮಾಡಿದ್ದು ನಿಮಗೆ ಗೊತ್ತಿರಬಹುದು…

ಕಪ್ಪೆ: ಸೆಬಿ ಆಮೇಲೆ. ಫೋಟೊ ಅಂದ್ರಲ್ಲ, ಅದಕ್ಕೆ ಹೇಳ್ತೀನಿ. ನಮಗೆ ಪ್ರಚಾರ ಅನ್ನೋದೇ ಸಿಕ್ಕಿಲ್ಲ. ತೇಜಸ್ವಿಯವರು ಇದೇ ಮೂಡಿಗೆರೆಯಲ್ಲಿ ಇದ್ದೋರು. 1980ರಲ್ಲಿ ‘ಕರ್ವಾಲೊ’ ಬರೆದ್ರು. ಯಾರ ಮೇಲೆ? ಹಾರುವ ಓತಿ ಮೇಲೆ! ನಾನೂ ಹಾರ್ತೀನಿ. ಮರದಿಂದ ನೆಗೆದ್ರೆ ಒಂಬತ್ತು–ಹತ್ತು ಮೀಟರ್ ತೇಲ್ತೀನಿ. ಓತಿಗೆ ಕಾದಂಬರಿ, ನಮಗೆ ಒಂದು ಅಡಿಟಿಪ್ಪಣಿಯೂ ಇಲ್ಲ. ಈಗ ಕೊಟ್ಟಿಗೆಹಾರದಲ್ಲಿ ಅವರ ಪ್ರತಿಷ್ಠಾನ ಇದೆ, ಅಲ್ಲಿಗೆ ಬರೋರೂ ಕೇಳೋದು ಓತಿಯನ್ನೇ.

ನಾನು: ಅನ್ಯಾಯವೇ. ಆದರೆ ಅದಕ್ಕಿಂತ ದೊಡ್ಡ ಅನ್ಯಾಯ ಚಿಕೋರಿಯದು. ಕಾಫಿಪುಡಿಯಲ್ಲಿ ಶೇ 49ರವರೆಗೆ ಚಿಕೋರಿ ಬೆರೆಸಬಹುದು…

ಕಪ್ಪೆ: ನೀವು ಕಂಪನಿ ವರದಿ ವಿಷಯ ಕೇಳೋಕೆ ಬಂದ್ರೋ, ಚಿಕೋರಿ ವಿಷಯಕ್ಕೋ?

ನಾನು: ಎರಡೂ ಒಂದೇ ಅಂತ ನನ್ನ ವಾದ. ಪೊಟ್ಟಣದ ಮೇಲೆ ಕಾಫಿ ಇಷ್ಟು, ಚಿಕೋರಿ ಇಷ್ಟು ಅಂತ ಅಚ್ಚು ಹಾಕಲೇಬೇಕು. ಈ ವರದಿಗೂ ಹಾಗೆ ಬರೆಯಲಿ: ಅಳೆದು ನೋಡಿದ್ದು ಶೇ 51, ಚಿಕೋರಿ ಶೇ 49. ಕುಡಿಯೋನು ಕಣ್ಣುಬಿಟ್ಟು ಕುಡಿಯುತ್ತಾನೆ. ಸರಿ, ಬಿಡಿ. ಪರಿಶೀಲನೆಗೆ ಇಲ್ಲಿಗೆ ಯಾರಾದರೂ ಬರುತ್ತಾರಾ?

ಕಪ್ಪೆ: ಬರ್ತಾರೆ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತೆ, ಏಪ್ರಿಲ್‌ಗೆ ಜೀಪು ಹತ್ತಿಸ್ತಾರೆ. ಅರೇಬಿಕಾ ಕುಯ್ಲು ಡಿಸೆಂಬರ್–ಜನವರಿ. ಪಲ್ಪರ್ ಓಡೋದು ಆಗ, ಹುಳಿ ನಾತದ ನೀರು ಹಳ್ಳಕ್ಕೆ ಇಳಿಯೋದೂ ಆಗ. ನಾವು ಮೊಟ್ಟೆ ಇಡೋದು ಜೂನ್‌ನಲ್ಲಿ. ಏಪ್ರಿಲ್‌ನಲ್ಲಿ ಪಲ್ಪರ್ ತೊಳೆದು ಬೋರಲು ಹಾಕಿರ್ತಾರೆ, ನಾವು ಸದ್ದಿಲ್ಲದೆ ಎಲ್ಲೋ ಅಡಗಿರ್ತೀವಿ, ಹಳ್ಳದಲ್ಲಿ ನೀರೇ ಇರಲ್ಲ. ಗಮನಕ್ಕೆ ಏನು ಬರುತ್ತೆ ಹೇಳಿ? ಅವರು ಬರೆದಿದ್ದು ಸುಳ್ಳಲ್ಲ, ಮಾರಾಯ್ರೆ.

ನಾನು: ಮೊದಲೇ ತಿಳಿಸಿ ಬರುತ್ತಾರಾ?

ಕಪ್ಪೆ: ಮದುವೆಗೆ ಕರೆಯೋಲೆ ಕಳಿಸಿದ ಹಾಗೆ. ಒಂದು ಸಲ ಔಷಧಿ ಹೊಡೆಯೋ ಹುಡುಗರಿಗೆ ಗಂಬೂಟು, ಮಾಸ್ಕು, ಕೈಗವಸು ಎಲ್ಲ ಬಂತು. ಒಬ್ಬ ಇದೇ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಗಂಬೂಟಿನ ಅಡಿಯಲ್ಲಿ ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಸಂಜೆ ಜೀಪು ಬಣಕಲ್ ಪೇಟೆ ದಾಟೋದೇ ತಡ, ಎಲ್ಲ ಎಣಿಸಿ ವಾಪಸ್ ಸ್ಟೋರಿಗೆ.

ನಾನು: ಒಳ್ಳೆಯ ಕಂಪನಿಗಳಿಗೆ ಪ್ರಶಸ್ತಿಗಳೂ ಸಿಗುತ್ತವಲ್ಲ?

ಕಪ್ಪೆ: 2008ರಲ್ಲಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕೆ ಅಂತ ಸತ್ಯಂ ಕಂಪನಿಗೆ ಕೊಟ್ಟ ಪ್ರಶಸ್ತಿ ಯಾವುದು? ಗೋಲ್ಡನ್ ಪೀಕಾಕ್. 2009ರ ಜನವರಿಯಲ್ಲಿ, ನಮ್ಮ ಲೆಕ್ಕವೇ ಸುಳ್ಳು ಅಂತ ಅಧ್ಯಕ್ಷರೇ ಕಾಗದ ಬರೆದ್ರು. ನವಿಲು ಕಪ್ಪೆ ಕಂಡ್ರೆ ನುಂಗುತ್ತೆ. ನವಿಲು ಕೊಟ್ಟ ಸರ್ಟಿಫಿಕೇಟನ್ನ ನಮ್ಮ ಕುಲದಲ್ಲಿ ಯಾರೂ ನಂಬಲ್ಲ.

ನಾನು: ಅಷ್ಟು ದೂರ ಯಾಕೆ? ಈ ಜಿಲ್ಲೆಯದೇ ಕಾಫಿ ಕಂಪನಿ. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಸಂಸ್ಥೆಗೆ ಹೋಗಿದೆ ಎಂದು ಸೆಬಿ 2023ರ ಜನವರಿಯಲ್ಲಿ 26 ಕೋಟಿ ದಂಡ ಹಾಕಿತು. ಅಲ್ಲೂ ಸ್ವತಂತ್ರ ನಿರ್ದೇಶಕರಿದ್ದರು, ಆಡಿಟರಿದ್ದರು…

ಕಪ್ಪೆ: ಮಳೆ ಜೋರಾಯ್ತು ಅಲ್ವಾ?

ನಾನು: ಪ್ರಶ್ನೆ ಕೇಳಿಸಿತಾ?

ಕಪ್ಪೆ: ಕೇಳಿಸ್ತು. ಈ ಕಡೆ ಎಷ್ಟೋ ಮನೆ ಮಕ್ಕಳು ಅಲ್ಲಿ ಸಂಬಳ ತಗೊಂಡಿದಾರೆ. ಮುಂದಿನದು ಕೇಳಿ.

ನಾನು: ಸರಿ. ಪರಿಶೀಲಕರನ್ನು ಗೊತ್ತು ಮಾಡುವುದು ಕಂಪನಿಯ ಆಡಳಿತ ಮಂಡಳಿ, ಫೀಸು ಕೊಡುವುದೂ ಕಂಪನಿಯೇ. ಅದೇ ಕಂಪನಿಗೆ ಬೇರೆ ಸೇವೆ ಮಾರಬಾರದು ಎಂದು ಸೆಬಿ ಹೇಳಿದೆ. ಅಷ್ಟು ಸಾಲದೇ?

ಕಪ್ಪೆ: ಆ ಬೆಟ್ಟದಾಚೆ ಕುದುರೆಮುಖ ಇದೆ. 1976ರಲ್ಲಿ ಸರ್ಕಾರವೇ ಕಟ್ಟಿದ ಗಣಿ ಕಂಪನಿ. ವರ್ಷ ವರ್ಷ ಲೆಕ್ಕ ಆಡಿಟ್ ಆಗ್ತಿತ್ತು. ಪೈಸೆ ಪೈಸೆ ತಾಳೆ ಆಗ್ತಿದ್ದಿರಬಹುದು. ಆದ್ರೆ ಲಕ್ಯಾ ಅಣೆಕಟ್ಟೆಯಲ್ಲಿ ಗಣಿಯ ಹೂಳು ತುಂಬ್ತಾ ಹೋಯ್ತು. ಮಳೆಗಾಲದಲ್ಲಿ ಭದ್ರೆ ಕೆಸರಾಗಿ ಹರೀತು. ಕೆಳಗಿನವರ ಗದ್ದೆಗೆ ಇಳಿದ ಮಣ್ಣು ಯಾವ ಬ್ಯಾಲೆನ್ಸ್ ಶೀಟಿನಲ್ಲಿತ್ತು? ಸುಪ್ರೀಂ ಕೋರ್ಟಿಗೆ ಹೋದದ್ದು ಆಡಿಟರ್ ಅಲ್ಲ, ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಅವರಿಗೆ ಆ ಕಂಪನಿಯಿಂದ ಒಂದು ರೂಪಾಯಿ ಬರಬೇಕಾಗಿರಲಿಲ್ಲ. ಸ್ವತಂತ್ರ ಪರಿಶೀಲನೆ ಅಂದ್ರೆ ಅದು. ಉಳಿದದ್ದಕ್ಕೆಲ್ಲ ಬಿಲ್ ಇರುತ್ತೆ.

ಈಗಿನದು ಕೇಳಿ. ಕಂಪನಿಗೆ ಮಾಲು ಕೊಡೋರ ಸ್ಥಿತಿಗತಿಯೂ ವರದಿಗೆ ಬರಲಿ ಅಂತ 2023ರ ಜುಲೈನಲ್ಲಿ ಸೆಬಿಯವರು ಹೇಳಿದ್ರು. 2025ರ ಮಾರ್ಚ್ ಹೊತ್ತಿಗೆ ಅದು ಐಚ್ಛಿಕ ಆಯ್ತು. ಅದರಲ್ಲೂ ಕಂಪನಿಯ ಖರೀದಿ, ಮಾರಾಟದಲ್ಲಿ ಶೇ 2ರಷ್ಟಾದರೂ ಪಾಲು ಇರೋರು ಮಾತ್ರ. ಹೊರಗಿನವರ ಖಾತರಿಯೇ ಬೇಕು ಅಂತಲೂ ಇಲ್ಲ, ‘ಮೌಲ್ಯಮಾಪನ’ ಆದ್ರೂ ಸಾಕಂತೆ. ವ್ಯಾಪಾರ ಸಲೀಸಾಗಲಿ ಅಂತ. ಬಣಕಲ್‌ನ ಮೂರೆಕರೆ ಬೆಳೆಗಾರ ಯಾವ ಕಂಪನಿಗೆ ಶೇ 2 ಆಗ್ತಾನೆ, ಸ್ವಾಮಿ? ಏಳು ಜನ್ಮಕ್ಕೂ ಆಗಲ್ಲ. ಅವನ ತೋಟದಲ್ಲಿ ಅಸ್ಸಾಮಿಂದ ಬಂದು ಹಣ್ಣು ಕುಯ್ಯೋ ಹೆಂಗಸು ಏನಾಗ್ತಾಳೆ? ಬೆಳಗಿನ ಇಬ್ಬನಿಯಲ್ಲಿ ಬೆರಳು ಸೆಟೆದುಕೊಂಡಿರುತ್ತೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡಕ್ಕೆ ಕೈ ಹಾಕ್ತಾಳೆ, ಮಗು ಗಿಡದ ಬುಡದಲ್ಲಿ ಗೋಣಿ ಮೇಲೆ ಮಲಗಿರುತ್ತೆ. ಲೈನ್ ಮನೆಯ ಸೂರು ಸೋರುತ್ತೆ. ಅವಳು ಕುಯ್ದ ಹಣ್ಣು ವರದಿಯೊಳಗೆ ಹೋಗುತ್ತೆ, ಅವಳು ಹೋಗಲ್ಲ. ಎಷ್ಟು ಟನ್, ಎಷ್ಟು ಲೀಟರ್ ಎಲ್ಲ ಇದೆ. ಅವಳಿಲ್ಲ.

ನಾನು: …

ಕಪ್ಪೆ: ಸುಮ್ಮನಾದ್ರಲ್ಲ. ಬರ್ಕೊಳ್ಳಿ.

ನಾನು: ಬರೆದುಕೊಂಡೆ. ನಿಮ್ಮನ್ನೇ ಪರಿಶೀಲಕರಾಗಿ ನೇಮಿಸಿದರೆ?

ಕಪ್ಪೆ: ಕೆಲಸ ಸುಲಭ. ಜೂನ್‌ನಲ್ಲಿ ಈ ಎಲೆಯಡಿ ನೊರೆಗೂಡು ಇದೆಯಾ, ಮರಿಗಳು ಕೆರೆಗೆ ಉದುರಿ ಬದುಕಿದಾವಾ ನೋಡೋದು. ಇದ್ರೆ ಸಹಿ, ಇಲ್ಲದಿದ್ರೆ ಇಲ್ಲ. ಫೀಸು ಬೇಡ, ಸೊಳ್ಳೆ ಸಾಕು. ಒಂದು ತೊಂದರೆ ಅಂದ್ರೆ ನಮ್ಮನ್ನೆಲ್ಲ ಒಂದು ಸಮಿತಿ ಮಾಡೋದು ಕಷ್ಟ. ತಕ್ಕಡಿಯಲ್ಲಿ ನಾವು ನಿಲ್ಲಲ್ಲ, ನಿಮಗೇ ಗೊತ್ತು.

ನಾನು: ನಿಮ್ಮ ವರದಿಯ ಮುಖಪುಟಕ್ಕೆ ಯಾರ ಫೋಟೊ ಹಾಕುತ್ತೀರಿ?

ಕಪ್ಪೆ: ಓತಿಯದಂತೂ ಹಾಕಲ್ಲ. ಅದಿರಲಿ, ಒಂದು ಮಾತು ಕೇಳ್ತೀನಿ. ಈ ಸಂದರ್ಶನಕ್ಕೆ ನಿಮಗೆ ದುಡ್ಡು ಯಾರು ಕೊಡ್ತಾರೆ?

ನಾನು: ಪತ್ರಿಕೆಯವರು.

ಕಪ್ಪೆ: ಪತ್ರಿಕೆಗೆ?

ನಾನು: ಓದುಗರು. ಮತ್ತೆ… ಜಾಹೀರಾತು.

ಕಪ್ಪೆ: ಯಾರ ಜಾಹೀರಾತು?

ನಾನು: ಚಿಕೋರಿ ಕಂಪನಿಯದಂತೂ ಅಲ್ಲ.