ಇಂಪೋರ್ಟರ್ ಪ್ರಾಮಾಣ್ಯ ವಿಚಾರ

ಬ್ಯಾಂಕಿನ ಸಿಎಸ್‌ವಿ ಕಡತವನ್ನು ಓದಿ ಸಾದಾ ಪಠ್ಯದ ಲೆಕ್ಕಪುಸ್ತಕಕ್ಕೆ ಕಿರ್ದಿ ಬರೆದುಕೊಡುವ ಪ್ರೋಗ್ರಾಮಿಗೆ ಇಂಪೋರ್ಟರ್ ಎಂದು ಹೆಸರು. ಸೊಲ್ಲಾಪುರದ ಚಾದರ್ ಅಂಗಡಿಗಳಲ್ಲಿ ಈ ಕೆಲಸ ದಿವಾಣಜಿಗಳದು. ಭೇದ ಒಂದೇ: ಲೆಕ್ಕ ತಪ್ಪಿದಾಗ ದಿವಾಣಜಿ ಕೆಮ್ಮುತ್ತಾರೆ, ಇಂಪೋರ್ಟರ್ ಕೆಮ್ಮುವುದಿಲ್ಲ. ಪರೀಕ್ಷೆಯ ಅಗತ್ಯ ಹುಟ್ಟುವುದು ಇಲ್ಲಿಂದ.

ಸಾದಾ ಪಠ್ಯದ ಲೆಕ್ಕಶಾಸ್ತ್ರಕ್ಕೆ ಸೂತ್ರ, 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಚೋಲಿಯ ಜೋಡಿ ನಮೂದು; ಭಾಷ್ಯ, 2003ರ ಜಾನ್ ವೀಗ್ಲಿಯ ಲೆಡ್ಜರ್ ಪ್ರೋಗ್ರಾಮು; ವಾರ್ತಿಕ, ಮಾರ್ಟಿನ್ ಬ್ಲೇಯ ಬೀನ್‌ಕೌಂಟ್.

ಹಳೆಯ ಸ್ಟೇಟ್‌ಮೆಂಟೊಂದರ ಪಕ್ಕದಲ್ಲಿ ಅದರಿಂದ ಬರತಕ್ಕ ಕಿರ್ದಿಯನ್ನು ಇಟ್ಟುಕೊಂಡು, ಪ್ರೋಗ್ರಾಮನ್ನು ತಿದ್ದಿದಾಗಲೆಲ್ಲ ತಾಳೆ ನೋಡುವುದು ಪರೀಕ್ಷಾವಿಧಿ. ಆದರೆ ಬೀನ್‌ಕೌಂಟ್‌ಗೆ ಒದಗುವ ಬೀನ್‌ಗಲ್ಪ್ ಎಂಬ ಸಲಕರಣೆ, ಆ ಬರತಕ್ಕ ಕಿರ್ದಿಯನ್ನೂ ಇಂಪೋರ್ಟರ್‌ನಿಂದಲೇ ಬರೆಸುತ್ತದೆ. ಜ್ಞಾನಕ್ಕೆ ತಾನೇ ಪ್ರಮಾಣವೆನ್ನುವ ಮೀಮಾಂಸಕರಿಗೆ ಇದು ಸಮ್ಮತ. ಹೊರಗಿನ ಸಾಕ್ಷಿ ಬೇಕೆನ್ನುವ ನೈಯಾಯಿಕರು ಪಾಸ್‌ಬುಕ್ ಕೇಳುತ್ತಾರೆ. ದಿವಾಣಜಿಗಳೆಲ್ಲ ನೈಯಾಯಿಕರು.

ಪರೀಕ್ಷೆಗೆ ಮಾದರಿಯಾಗಿ ಯಾವ ಸ್ಟೇಟ್‌ಮೆಂಟನ್ನು ಆರಿಸಬೇಕೆಂಬುದು ವಿವಾದದ ವಿಷಯ. ತಿಂಗಳ ಮೊದಲ 12 ದಿನಗಳ ಸ್ಟೇಟ್‌ಮೆಂಟು ಸರ್ವಥಾ ನಿಷಿದ್ಧ. ಬ್ಯಾಂಕು ದಿನವನ್ನು ಮೊದಲು ಬರೆಯುತ್ತದೆ. ತಿಂಗಳನ್ನು ಮೊದಲು ಓದುವ ಇಂಪೋರ್ಟರ್‌ಗೆ 05/01/2025 ಎಂದರೆ ಮೇ 1. ಅದು ಜನವರಿಯ ಮಾರಾಟವನ್ನು ನಿಶ್ಚಿಂತೆಯಿಂದ ಬೇಸಿಗೆಗೆ ಸಾಗಿಸುತ್ತದೆ. 14/01 ಬಂದಾಗ 14ನೆಯ ತಿಂಗಳು ಸಿಗದೆ ಬೀಳುತ್ತದೆ. ಸೊಲ್ಲಾಪುರದಲ್ಲಿ ಸಂಕ್ರಾಂತಿಗೆ ನಡೆಯುವ ಸಿದ್ಧರಾಮನ ಗಡ್ಡಾ ಜಾತ್ರೆಯ ವಾರದ ಸ್ಟೇಟ್‌ಮೆಂಟು ಶ್ರೇಷ್ಠವೆನ್ನಲು ಇದೇ ಕಾರಣ, ಪುಣ್ಯ ಸಿದ್ಧರಾಮನದು. ಪೈಥಾನಿನ ಡೇಟ್‌ಯುಟಿಲ್‌ನಂಥ ಅತಿಜಾಣರು 14ನ್ನು ಮಾತ್ರ ಸದ್ದಿಲ್ಲದೆ ದಿನವೆಂದು ತಿದ್ದಿಕೊಂಡು, 5ನ್ನು ತಿಂಗಳಾಗಿಯೇ ಉಳಿಸುತ್ತಾರೆ. ಬೀಳುವವರಿಗಿಂತ ಇವರು ಹೆಚ್ಚು ಅಪಾಯಕಾರಿ.

ಮೊತ್ತದ ಅಲ್ಪವಿರಾಮ ಇನ್ನೊಂದು ಗಂಡಾಂತರ. ಉದ್ಧರಣ ಚಿಹ್ನೆಯಿಲ್ಲದೆ ಬಂದ 1,25,000.00 ಮೂರು ಅಂಕಣಗಳಾಗಿ ಒಡೆದು, ಲಾರಿ ತುಂಬಿದ ಚಾದರ್ ಒಂದು ರೂಪಾಯಿಗೆ ಹೋಗುತ್ತದೆ. ಕೂಡು-ಕಳೆ ಚಿಹ್ನೆಯದೂ ಅದೇ ಪಾಡು: ಬ್ಯಾಂಕಿನ ಕ್ರೆಡಿಟ್ ಅಂಗಡಿಯ ಪುಸ್ತಕದಲ್ಲಿ ಡೆಬಿಟ್. 5,000 ಜಮಾ, 5,000 ಖರ್ಚು ಇರುವ ಮಾದರಿಯಲ್ಲಿ ಚಿಹ್ನೆಗಳು ತಿರುವುಮುರುವಾದರೂ ಶಿಲ್ಕು ಸರಿಯಾಗಿಯೇ ಕಾಣುತ್ತದೆ. ಅಂಥ ಮಾದರಿಯನ್ನು ವಿದ್ಯಾರ್ಥಿಗಳಿಗೆ ಬಿಡಬೇಕು.

ದ್ವಿರುಕ್ತಿ ದೋಷದ ಪರೀಕ್ಷೆಗೆ ಅಕ್ಕಲಕೋಟೆಯೇ ಕ್ಷೇತ್ರ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರಲ್ಲಿ ಇಬ್ಬರು ಒಂದೇ ಅಂಗಡಿಯಲ್ಲಿ 50 ರೂಪಾಯಿ ಪೇಢೆ ಕೊಂಡು ಯುಪಿಐನಲ್ಲಿ ಕೊಟ್ಟರೆ, ದಿನಾಂಕವೂ ಮೊತ್ತವೂ ಒಂದೇ. ಇವೆರಡನ್ನೇ ನೋಡುವ ಇಂಪೋರ್ಟರ್ ಎರಡನೆಯ ಭಕ್ತನನ್ನು ಪುನರುಕ್ತಿಯೆಂದು ಬಿಟ್ಟುಬಿಡುತ್ತದೆ. ಯುಪಿಐ ಉಲ್ಲೇಖ ಸಂಖ್ಯೆಯನ್ನೂ ಹೋಲಿಸಿದರೆ ಇಬ್ಬರೂ ಉಳಿಯುತ್ತಾರೆ. ಅದೇ ಸ್ಟೇಟ್‌ಮೆಂಟನ್ನು ಎರಡು ಸಲ ಕೊಟ್ಟಾಗ ಮಾತ್ರ ಎರಡನೆಯ ಸಲ ಏನೂ ಸೇರಬಾರದು.

ಕೊನೆಯ ಪರೀಕ್ಷೆ ಶಿಲ್ಕಿನದು. ಬೀನ್‌ಕೌಂಟ್ ಶಿಲ್ಕನ್ನು ದಿನದ ಆರಂಭದಲ್ಲಿ ತಾಳೆ ನೋಡುತ್ತದೆ. ಆದ್ದರಿಂದ 2025ರ ಮಾರ್ಚ್ 31ರ ಅಖೈರು ಶಿಲ್ಕನ್ನು 2025-04-01ರ ತಾರೀಖು ಹಾಕಿಯೇ ಬರೆಯಬೇಕು. ಇಲ್ಲವಾದರೆ 31ರ ವ್ಯಾಪಾರವೆಲ್ಲ ಹೊರಗುಳಿಯುತ್ತದೆ. ಪ್ರೋಗ್ರಾಮರುಗಳಿಗೆ ಇದು ವಿಚಿತ್ರವಾಗಿ ತೋರುತ್ತದೆ. ನಿನ್ನೆಯ ಶಿಲ್ಕನ್ನು ಇಂದಿನ ಕಿರ್ದಿಯ ಮೊದಲ ಸಾಲಿನಲ್ಲಿ ಬರೆಯುವ ದಿವಾಣಜಿಗಳಿಗೆ ಇದರಲ್ಲಿ ಹೊಸದೇನೂ ಇಲ್ಲ.