ಕಂಡಿ ಕಂಡಂತೆ

ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆಯಲ್ಲಿ, ಕಾವೇರಿಗೆ ಮುಖ ಮಾಡಿ, ಒಂದು ಕಂಡಿ ಇದೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಒಳನುಗ್ಗಿದ್ದು ಇಲ್ಲಿಂದಲೇ. ಸುತ್ತ ಅಷ್ಟುದ್ದ ಗೋಡೆ ನಿಂತಿದ್ದರೂ ನಮ್ಮ ಪ್ರವಾಸಿಗಳು ಹುಡುಕಿಕೊಂಡು ಬಂದು ಫೋಟೊ ತೆಗೆಸಿಕೊಳ್ಳುವುದು ಗೋಡೆ ಇಲ್ಲದ ಕಡೆಯೇ. ಇಷ್ಟು ಹೆಸರುವಾಸಿಯಾದ ಕಂಡಿಯನ್ನು ಯಾರೂ ಮಾತನಾಡಿಸಿಲ್ಲವಲ್ಲ ಎಂದು ನಾವೇ ಹೋದೆವು.

ನಾವು: ನಮಸ್ಕಾರ. ಮೊದಲು ನಿಮ್ಮ ಪರಿಚಯ.

ಕಂಡಿ: ಗೋಡೆ ಹಳೇ ಮನೆತನದ್ದು ಕಣಪ್ಪ, ವಿಜಯನಗರದ ಕಾಲದ ಲೆಕ್ಕ. 1610ರಲ್ಲಿ ರಾಜ ಒಡೆಯರ ಕೈಗೆ ಬಂತು. ಹೈದರಾಲಿ ಗಟ್ಟಿ ಮಾಡಿಸಿದ, ಟಿಪ್ಪು ಇನ್ನಷ್ಟು ದಪ್ಪ ಮಾಡಿಸಿದ. ನಾನು ಹುಟ್ಟಿದ್ದು ಹೊಳೆಯಾಚೆ ಇಟ್ಟ ಫಿರಂಗಿಗಳಿಂದ, ಮೇ ತಿಂಗಳ ಮೊದಲ ವಾರ. ತಲೆಮಾರುಗಟ್ಟಲೆ ನಿಂತದ್ದು ಅದು, ಹೆಸರು ಬಂದದ್ದು ನನಗೆ. ಕೆಲಸ ಮಾಡಿದವರಿಗಿಂತ ಕೈಕೊಟ್ಟವರಿಗೇ ಪ್ರಚಾರ, ನಿಮ್ಮ ಕಡೆಯೂ ಹಾಗೇ ಅಲ್ವಾ?

ನಾವು: ಕೈಕೊಟ್ಟವರು ಅಂದಿರಿ. ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್...

ಕಂಡಿ: ಬಂತು! ಎಲ್ಲಿ ಇನ್ನೂ ಕೇಳಲಿಲ್ಲವಲ್ಲ ಅಂದುಕೊಂಡೆ. ಸಂಬಳ ಬಟವಾಡೆ ಅಂತ ಕಾವಲಿನವರನ್ನ ಆಚೆ ಕರೆದ ಅಂತ ಕತೆ. ಕರೆದಿರಬಹುದು, ನಾನೇನು ಅವನ ವಕೀಲನಲ್ಲ. ಆದರೆ ನನ್ನ ಮೈಮೇಲೆ ಬಿದ್ದದ್ದು ಗುಂಡು ಕಣಪ್ಪ, ಪಿತೂರಿಯಲ್ಲ. 1792ರಲ್ಲೇ ಇಂಗ್ಲಿಷರ ಕಾರ್ನ್‌ವಾಲಿಸ್ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಹಾಕಿದ, ಇಬ್ಬರು ಮಕ್ಕಳನ್ನ ಒತ್ತೆ ಕರಕೊಂಡು ಹೋದ. ಗೋಡೆ ಅವತ್ತೇ ಅರ್ಧ ಬಿದ್ದಿತ್ತು, ಕಣ್ಣಿಗೆ ಕಾಣಲಿಲ್ಲ ಅಷ್ಟೆ. 1799ರಲ್ಲಿ ಬಂದದ್ದು ಒಂದು ದಂಡಲ್ಲ. ಮದರಾಸಿನ ಕಡೆಯಿಂದ ಜನರಲ್ ಹ್ಯಾರಿಸ್, ಅವನ ಜೊತೆ ನಿಜಾಮನ ಪಡೆ, ಕೊಡಗಿನ ಮೇಲೆ ಇಳಿದ ಮುಂಬಯಿ ಸೈನ್ಯ. ಹ್ಯಾರಿಸನ ಪಾಳೆಯದಲ್ಲಿ ದವಸ ಮುಗೀತಾ ಬಂದಿತ್ತು. ಮುಂಗಾರು ಹಿಡಿದರೆ ಹೊಳೆ ದಾಟೋ ಮಾತೇ ಇಲ್ಲ. ಅವನಿಗೆ ಬೇಕಾಗಿದ್ದದ್ದು ದ್ರೋಹಿಯಲ್ಲ, ಬೇಸಿಗೆಯ ಕಾವೇರಿ. ಕಲ್ಲು ಬಂಡೆ ತುಳಕೊಂಡೇ ಬಂದರು.

ನಾವು: ಹಾಗಾದರೆ ದ್ರೋಹದ ಕತೆ ಯಾಕೆ ಇಷ್ಟು ಓಡುತ್ತದೆ?

ಕಂಡಿ: ದವಸ, ಮಳೆ, ಮದ್ದುಗುಂಡು ಅಂದರೆ ಯಾರು ಕೂತು ಕೇಳ್ತಾರೆ? ಬೈಯೋಕೆ ಒಬ್ಬ ಮನುಷ್ಯ ಬೇಕು. ಅವತ್ತು ನುಗ್ಗೋಕೆ ಮುಂಚೆ ಇಲ್ಲೇ ಕಾವಲಿನ ಜವಾಬ್ದಾರಿ ಹೊತ್ತಿದ್ದ ಸೈಯದ್ ಗಫಾರ್ ಗುಂಡಿಗೆ ಸತ್ತ. ಆ ಹೆಸರನ್ನ ನಿಮ್ಮ ಓದುಗರಲ್ಲಿ ಎಷ್ಟು ಜನ ಕೇಳಿದ್ದಾರೆ?

ನಾವು: (ವಿಷಯ ಬದಲಿಸುತ್ತಾ) ದಾಳಿಯ ಮುಂದಾಳು ಡೇವಿಡ್ ಬೇರ್ಡ್ ನೆನಪಿದ್ದಾನೆಯೇ?

ಕಂಡಿ: ಮರೆಯೋದುಂಟಾ! 1780ರಲ್ಲಿ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ 1784ರವರೆಗೆ ಇದೇ ಊರಲ್ಲಿ ಬೇಡಿ ತೊಟ್ಟುಕೊಂಡಿದ್ದವನು. ದರಿಯಾ ದೌಲತ್ ಅರಮನೆಯ ಗೋಡೆ ಮೇಲೆ ಇಂಗ್ಲಿಷರ ಆ ಸೋಲಿನ ಚಿತ್ರ ಬರೆಸಿದ್ದಾರೆ, ನೋಡ್ಕೊಂಡು ಹೋಗು. ಅವನು ಕತ್ತಿ ಹಿರಿದು ಮುಂದೆ ನಿಂತ, ನುಗ್ಗಿಸಿದ, ಕೋಟೆ ಹಿಡಿದ. ಊರಿನ ಅಧಿಕಾರ ಯಾರಿಗೆ ಕೊಟ್ಟರು ಹೇಳು? ಮೀಸಲು ಪಡೆ ಇಟ್ಟುಕೊಂಡು ಹಿಂದೆ ನಿಂತಿದ್ದ ಆರ್ಥರ್ ವೆಲ್ಲೆಸ್ಲಿಗೆ.

ನಾವು: ಯಾಕೆ?

ಕಂಡಿ: ಅವರಣ್ಣ ಗವರ್ನರ್ ಜನರಲ್.

ನಾವು: ಓಹೋ.

ಕಂಡಿ: ವಶೀಲಿ ಅನ್ನೋದು ನಿಮ್ಮ ತಾಲ್ಲೂಕು ಕಚೇರಿಯಲ್ಲಿ ಹುಟ್ಟಿದ್ದು ಅಂದುಕೊಂಡಿದ್ದೆಯಾ? ಬೇರ್ಡನಿಗೆ ಟಿಪ್ಪುವಿನದೊಂದು ಕತ್ತಿ ಕೊಟ್ಟು ಸಮಾಧಾನ ಮಾಡಿದರು. ಆ ತಮ್ಮ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಿಕ್ಕು ತಪ್ಪಿ ಹಿಂದಕ್ಕೆ ಬಂದವನು! ಮುಂದೆ ವೆಲಿಂಗ್ಟನ್ ಡ್ಯೂಕ್ ಆದ, ವಾಟರ್‌ಲೂನಲ್ಲಿ ನೆಪೋಲಿಯನ್ನನ್ನೂ ಸೋಲಿಸಿದ. ಅದು ಬೇರೆ ಮಾತು.

ನಾವು: ನಿಮ್ಮಿಂದ ಹೊರಗೆ ಹೋದದ್ದು?

ಕಂಡಿ: ಟಿಪ್ಪುವಿನ ಯಂತ್ರದ ಹುಲಿ ಲಂಡನ್ನಿನ ಮ್ಯೂಸಿಯಂನಲ್ಲಿ, ಸಿಂಹಾಸನದ ಹುಲಿಮೋರೆ ವಿಂಡ್ಸರ್‌ನಲ್ಲಿ. ಅವನ ಅರಮನೆ ಲಾಲ್ ಮಹಲಿನ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತಿವೆ. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನೋನು ನನ್ನದೇ ದೃಶ್ಯವನ್ನ ನೂರಿಪ್ಪತ್ತು ಅಡಿ ಉದ್ದ ಬರೆದು, ಲಂಡನ್ನಿನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಅವನು ಈ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಅದೇ ವರ್ಷ ಬುಕಾನನ್ ಬಂದು ನೋಡಿದ. ಕೋಟೆ ದೊಡ್ಡದು, ಆದರೆ ಅರೆಬರೆ, ಚೆಂದವೂ ಇಲ್ಲ, ಬುದ್ಧಿವಂತಿಕೆಯೂ ಇಲ್ಲ ಅಂತ ಬರೆದಿಟ್ಟ. ಈಗಿನವರು ಎರಡು ನಕ್ಷತ್ರ ಕೊಟ್ಟು ಹೋಗ್ತಾರಲ್ಲ, ಅವರ ಮೂಲಪುರುಷ.

ನಾವು: ಯುದ್ಧದ ಗಾಯ ಈಗಲೂ ನೋಯುತ್ತದೆಯೇ?

ಕಂಡಿ: ಯುದ್ಧದ ಗಾಯ ನಾನೊಬ್ಬನೇ. ಶಾಂತಿಕಾಲದ್ದು ಕೇಳು. ರೈಲು ಹಳಿ ಕೋಟೆಯ ಹೊಟ್ಟೆಯಲ್ಲೇ ಹಾಯ್ದುಹೋಗಿದೆ. ನಿಲ್ದಾಣವೂ ಒಳಗೇ. ಆ ದಾರಿಗೆ ಯಾರೂ ಸ್ಮಾರಕ ನೆಟ್ಟಿಲ್ಲ. 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತು ಅಂತ ಟಿಪ್ಪುವಿನ ಶಸ್ತ್ರಾಗಾರವನ್ನ ಬುಡಸಮೇತ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ಸರಿಸಿದರು. ಬೈಯಲ್ಲ, ಒಡೆಯದೆ ಸರಿಸಿದರಲ್ಲ, ನಮ್ಮಲ್ಲಿ ಅದೇ ದೊಡ್ಡದು. ಇನ್ನು ಸಂದಿಸಂದಿಗೆ ಬೇರು ಬಿಟ್ಟ ಅರಳಿ ಗಿಡ. ಅದರ ಪಕ್ಕ ಬಾಣ ಚುಚ್ಚಿದ ಹೃದಯ, ಒಳಗೆ ಎರಡು ಹೆಸರು.

ನಾವು: ಎದುರಿಗೇ ಕಂಬ ಇದೆಯಲ್ಲ?

ಕಂಡಿ: ಅದು ಮೈಸೂರು ಸರ್ಕಾರವೇ 1907ರಲ್ಲಿ ನೆಟ್ಟದ್ದು. ಹಿಡಿಯೋಕೆ ಬಂದು ಸತ್ತ ಅಧಿಕಾರಿಗಳ ನೆನಪಿಗೆ. ಕಾಯೋಕೆ ನಿಂತು ಸತ್ತವರಿಗೆ ನಾನೇ ಸ್ಮಾರಕ ಅಂದುಕೊಂಡರೇನೋ.

ನಾವು: ಕೊನೆಗೆ, ಟಿಪ್ಪು ಒಳ್ಳೆಯವನೋ ಕೆಟ್ಟವನೋ?

ಕಂಡಿ: ಅದನ್ನ ನವೆಂಬರಿನಲ್ಲಿ ಬಂದು ಕೇಳು. ಜಯಂತಿ ಬೇಕು ಅನ್ನೋರೂ ಬರ್ತಾರೆ, ಬೇಡ ಅನ್ನೋರೂ ಬರ್ತಾರೆ, ಇಬ್ಬರ ಗಂಟಲೂ ದೊಡ್ಡದು. ಭಾಷಣ ಮುಗಿಸಿ ಹೋಗುವಾಗ ಒಬ್ಬನಾದರೂ ಬಗ್ಗಿ ಒಂದು ಮುಳ್ಳುಗಿಡ ಕಿತ್ತಿದ್ದು ನಾನು ನೋಡಿಲ್ಲ.

ನಾವು: ಓದುಗರಿಗೆ ಏನು ಹೇಳುತ್ತೀರಿ?

ಕಂಡಿ: ಬರಲಿ. ನನಗೆ ಐದು ನಿಮಿಷ ಕೊಟ್ಟರೆ ಸಾಕು, ಉಳಿದ ಹೊತ್ತು ನಿಂತಿರೋ ಗೋಡೆಗೆ ಕೊಡಲಿ. ಕರ್ನಲ್ ಬೈಲಿ ಸೆರೆಮನೆ ನೋಡಲಿ, ಟಿಪ್ಪು ಬಿದ್ದ ಜಾಗ ನೋಡಲಿ, ಅವನ ಗೋರಿ ಇರೋ ಗಂಜಾಮಿನ ಗುಂಬಜ್ ನೋಡಲಿ. ಆಗೋದಾದರೆ ಮಳೆಗಾಲದಲ್ಲೇ ಬರಲಿ. ತುಂಬಿದ ಹೊಳೆ ಕಂಡರೆ ಹ್ಯಾರಿಸನಿಗೆ ಯಾಕೆ ಅಷ್ಟು ಅವಸರ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಳೆ, ಬಳಪ, ಇದ್ದಿಲು ಮಾತ್ರ ಮನೆಯಲ್ಲೇ ಬಿಟ್ಟು ಬರಲಿ.