ಅಟ್ಟದ ಮೇಲೆ ರಿಕಾರ್ಡ್ ಪ್ಲೇಯರ್ ಇಟ್ಟವರಿಗೊಂದು ಬಹಿರಂಗ ಪತ್ರ

ಹುಲಿಗಿ, ಮುನಿರಾಬಾದ್, ಕೊಪ್ಪಳ, ಗಂಗಾವತಿ ಕಡೆಯ ಹಿರಿಯರೆ, ತಾಯಂದಿರೆ, ಹಳೆಯ ಮೈಕ್ ಸೆಟ್ಟಿನ ಮಾಲೀಕರೆ,



ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಇನ್ನೂ ಒಂದು ರಿಕಾರ್ಡ್ ಪ್ಲೇಯರ್ ಉಳಿದಿದೆ. ಒಬ್ಬರದು ಸೆಲ್ ಹಾಕಿ ನಡೆಸುವ ಎಚ್‌ಎಂವಿ ಫಿಯೆಸ್ಟಾ, ಇನ್ನೊಬ್ಬರದು ಕರೆಂಟಿನ ಪೆಟ್ಟಿಗೆ, ಮತ್ತೊಬ್ಬರದು ಮದುವೆ, ಜಾತ್ರೆಗೆ ಬಾಡಿಗೆಗೆ ಹೋಗುತ್ತಿದ್ದದ್ದು. ಅದು ತಿರುಗದೆ ನಿಂತ ದಿನ ರಿಪೇರಿಯವರು "ಮೋಟಾರು ಹೋಗೈತ್ರಿ, ಸಾಮಾನು ಸಿಗಂಗಿಲ್ಲ" ಅಂದರು. ಪೆಟ್ಟಿಗೆ ಅಟ್ಟ ಸೇರಿತು. ಈಗ ಗುಜರಿಯವರು ತೂಕಕ್ಕೆ ಕೇಳುತ್ತಾರೆ, ಶೋಕೇಸಿಗೆ ಬೇಕೆನ್ನುವವರು ನೂರಿನ್ನೂರು ಹೆಚ್ಚು ಕೊಡುತ್ತಾರೆ. ದಯವಿಟ್ಟು ಯಾರಿಗೂ ಕೊಡಬೇಡಿ. ಮೋಟಾರಿಗೆ ದಾರಿಯಿದೆ.

ಮೊದಲು ಅದು ನಿಜಕ್ಕೂ ಹೋಗಿದೆಯೇ ಎಂದು ನೋಡಿ. ಪ್ಲಗ್ ಕಿತ್ತು, ತಟ್ಟೆ ಎತ್ತಿ, ಮೋಟಾರಿನ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ. ಬೆರಳು ಬಿಟ್ಟೊಡನೆ ಗಕ್ಕನೆ ನಿಂತರೆ ಬುಶ್‌ನಲ್ಲಿ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿದೆ ಎಂದರ್ಥ. ಬಿಚ್ಚಿ ತೊಳೆದು, ಹೊಲಿಗೆ ಮಷೀನಿನ ಎಣ್ಣೆ ಒಂದೆರಡು ಹನಿ ಬಿಟ್ಟರೆ ಎಷ್ಟೋ ಕರೆಂಟಿನ ಮೋಟಾರುಗಳು ಮತ್ತೆ ಓಡುತ್ತವೆ. ಕಾಯಿಲೇ ಸುಟ್ಟಿದ್ದರೂ ಹೆದರಬೇಕಿಲ್ಲ. ಭತ್ತದ ಸೀಮೆಯಾದ ಗಂಗಾವತಿಯ ಸುತ್ತ ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಕಟ್ಟುವವರಿಗೆ ಬರವಿಲ್ಲ. ಅಷ್ಟೇ ದಪ್ಪದ ತಂತಿ, ಅಷ್ಟೇ ಸುತ್ತು ಎಂದು ಹೇಳಿ ಕಟ್ಟಿಸಿ.

ಸೆಲ್ಲಿನ ಮೋಟಾರಿನ ಕಥೆ ಬೇರೆ. ಒಳಗಿನ ಕಾರ್ಬನ್ ಸವೆದರೆ ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತದೆ, ನಡುವೆ ಮುಗ್ಗರಿಸುತ್ತದೆ. ಅದನ್ನು ಬದಲಿಸಲೇಬೇಕು. ಹಳೆಯ ಟೇಪ್ ರಿಕಾರ್ಡರಿನ ಮೋಟಾರು ಇಲ್ಲಿ ನೆರವಿಗೆ ಬರುತ್ತದೆ. ಆದರೆ ಕೈಗೆ ಸಿಕ್ಕಿದ್ದನ್ನು ಕೂರಿಸಬೇಡಿ. ವೋಲ್ಟು, ತಿರುಗುವ ದಿಕ್ಕು, ಶಾಫ್ಟಿನ ದಪ್ಪ, ನಿಮಿಷಕ್ಕೆ ಎಷ್ಟು ಸುತ್ತು, ಈ ನಾಲ್ಕೂ ಹೊಂದಬೇಕು. ನಿಮಿಷಕ್ಕೆ 2400 ಸುತ್ತುವ ಮೋಟಾರು ಬೆಲ್ಟಿನ ಮೂಲಕ ತಟ್ಟೆಯನ್ನು 33⅓ ಸುತ್ತು ತಿರುಗಿಸಬೇಕಾದರೆ, ತಟ್ಟೆಯಲ್ಲಿ ಬೆಲ್ಟ್ ಕೂರುವ ಅಂಚು ಮೋಟಾರಿನ ಪುಲ್ಲಿಗಿಂತ 72 ಪಟ್ಟು ಅಗಲವಿರಬೇಕು. ಅಂಚು 216 ಮಿಲಿಮೀಟರ್ ಇದ್ದರೆ ಪುಲ್ಲಿ 3 ಮಿಲಿಮೀಟರ್. ಆ ಪುಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪಗಾದರೂ ವೇಗ ನೂರಕ್ಕೆ ಮೂರು ಏರುತ್ತದೆ. ಮೋಟಾರು ತೂಗಿಕೊಂಡಿರುವ ರಬ್ಬರ್ ಬುಶ್‌ಗಳು ಗಟ್ಟಿಯಾಗಿದ್ದರೆ ಅವನ್ನೂ ಬದಲಿಸಿ. ಇಲ್ಲದಿದ್ದರೆ ಮೋಟಾರಿನ ಗುರುಗುರು ನೇರ ಮುಳ್ಳಿಗೆ ಏರಿ ಹಾಡಿನೊಳಗೆ ಸೇರುತ್ತದೆ.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಪ್ಲೇಯರ್ ಇರುವವರಿಗೆ ಒಂದು ಮಾತು. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಆವರ್ತದ್ದು. ನಮ್ಮ ಪಕ್ಕದ ಮುನಿರಾಬಾದ್ ಪವರ್ ಹೌಸಿನದೂ ಸೇರಿ ಇಲ್ಲಿಯದೆಲ್ಲ 50. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆಯೇ ಹೊರತು ಆವರ್ತವನ್ನು ಬದಲಿಸುವುದಿಲ್ಲ. ಆವರ್ತವನ್ನೇ ನಂಬಿ ಓಡುವ ಮೋಟಾರಾದರೆ 33⅓ರ ತಟ್ಟೆ ಇಲ್ಲಿ 28ರ ಆಸುಪಾಸಿನಲ್ಲಿ ತೆವಳುತ್ತದೆ. ಅಂಥದ್ದಕ್ಕೆ 50ಕ್ಕೆ ತಕ್ಕ ಪುಲ್ಲಿಯೋ ಮೋಟಾರೋ ಬೇಕು.

ಇಷ್ಟು ಲೆಕ್ಕ ಯಾಕೆ ಎಂದು ಕೇಳಬಹುದು. ರಿಕಾರ್ಡಿನಲ್ಲಿ ಗಾಯಕರ ಶ್ರುತಿ ಮೋಟಾರಿನ ಕೈಯಲ್ಲಿದೆ. ವೇಗ ನೂರಕ್ಕೆ ಆರರಷ್ಟು ತಪ್ಪಿದರೆ ಹಾಡು ಪೇಟಿಯ ಒಂದು ಮನೆಯಷ್ಟು ಸರಿಯುತ್ತದೆ. ಗಂಗೂಬಾಯಿ ಹಾನಗಲ್ಲರನ್ನೇ ನೆನೆಯಿರಿ. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದ ಅವರ ರಿಕಾರ್ಡುಗಳಲ್ಲಿ ದನಿ ಎಳೆಯದು, ಎತ್ತರದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರವಷ್ಟೇ ನಾವೆಲ್ಲ ಬಲ್ಲ ಆ ಗಂಭೀರ ದನಿ ಬಂತು. ಸೋತ ಮೋಟಾರು ಆ ಎಳೆಯ ದನಿಯನ್ನು ಕೆಳಗೆಳೆದರೆ, ಹೊಸಬರು ಅದನ್ನೇ ಅವರ ದನಿ ಎಂದು ನಂಬುತ್ತಾರೆ. ಒಬ್ಬ ಮಹಾನ್ ಗಾಯಕಿಯ ಬಾಳಿನ ಒಂದು ಅಧ್ಯಾಯವೇ ಅಳಿಸಿಹೋದಂತೆ.

ಈ ಹಾಡುಗಳೆಲ್ಲ ಮೊಬೈಲಿನಲ್ಲಿ ಸಿಗುತ್ತವಲ್ಲ ಎನ್ನುವವರಿಗೂ ಒಂದು ಉತ್ತರವಿದೆ. ಎಲ್ಲವೂ ಸಿಗುವುದಿಲ್ಲ. ನಾಟಕದ ಹಾಡು, ಭಕ್ತಿಗೀತೆ, ಲಾವಣಿಗಳ ಎಷ್ಟೋ ಅರಗಿನ ರಿಕಾರ್ಡುಗಳು ಒಡೆದು ಹೋಗಿವೆ. ನಿಮ್ಮ ಟ್ರಂಕಿನಲ್ಲಿರುವುದೇ ಉಳಿದ ಕೊನೆಯ ಪ್ರತಿ ಆಗಿರಬಹುದು. ಅದನ್ನು ನಕಲು ಮಾಡಿಡಬೇಕು, ನಿಜ. ಆದರೆ ತಪ್ಪು ವೇಗದಲ್ಲಿ ನಕಲಾದರೆ ಕೇಳುವವರಿಗೆಲ್ಲ ಆ ತಪ್ಪೇ ದಾಟುತ್ತದೆ. ಆದ್ದರಿಂದ ಮೊದಲು ಮೋಟಾರು, ಆಮೇಲೆ ಮೊಬೈಲು.

ವೇಗ ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸಿ: 33⅓ರಲ್ಲಿ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಆಗಬೇಕು. ಇನ್ನೂ ನಿಖರ ಬೇಕಾದರೆ ವೃತ್ತದ ಸುತ್ತ ಸಮನಾಗಿ 180 ಗೆರೆ ಎಳೆದ ಕಾಗದವನ್ನು ತಟ್ಟೆಯ ಮೇಲಿಟ್ಟು ಹಳೆಯ ಚೋಕಿನ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ನಿಮಿಷಕ್ಕೆ 78 ಸುತ್ತಿನ ರಿಕಾರ್ಡಿಗಾದರೆ 77 ಗೆರೆ ಸಾಕು. ತೀರಾ ಹಳೆಯ 78ರ ರಿಕಾರ್ಡುಗಳು ಕೆಲವು ಬೇರೆ ವೇಗದಲ್ಲೇ ಮುದ್ರಣಗೊಂಡಿವೆ. ಅಲ್ಲಿ ಶ್ರುತಿ ನೋಡಿ ವೇಗ ಹೊಂದಿಸಲು ಊರಿನ ಪೇಟಿ ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕಾಯಿಲ್ ಕಟ್ಟುವ ಅಣ್ಣಂದಿರೆ, ಐಟಿಐ ಗುರುಗಳೆ, ಇಂಥ ಪೆಟ್ಟಿಗೆ ಹೊತ್ತು ಯಾರಾದರೂ ಬಂದರೆ ಸಾಮಾನು ಸಿಗುವುದಿಲ್ಲ ಎಂದು ತಿರುಗಿಸಿ ಕಳಿಸಬೇಡಿ. ಒಂದು ಸಲ ಬಿಚ್ಚಿ ನೋಡಿ, ಕಲಿಯುವ ಹುಡುಗರಿಗೂ ತೋರಿಸಿ. ಮನೆಯವರೆ, ಬರುವ ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಮಕ್ಕಳು ಬಂದಾಗ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮೋಟಾರಿನ ಮೇಲೆ ಬರೆದಿರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬದಲಿ ಹುಡುಕುವ ಕೆಲಸ ಆ ಚೀಟಿಯಿಂದಲೇ ಶುರುವಾಗುತ್ತದೆ.

ಇಂತಿ,
ಹುಲಿಗಿಯ ಒಬ್ಬ ಹಾಡುಪ್ರೇಮಿ